"ಸ್ವಲ್ಪ ಮಂಪರು ಸಾಕ್ರಿ": ವಿಶೇಷ ಮಕ್ಕಳ ಹಲ್ಲಿನ ಚಿಕಿತ್ಸೆಗೆ ಯಾವ ಅರವಳಿಕೆ?

ವಿಶೇಷ ಅಗತ್ಯವುಳ್ಳ ಮಕ್ಕಳ ಪಾಲಕರಿಗಾಗಿ ಧಾರವಾಡದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಮಗುವಿನ ಬಾಯಿ ನೋಡಿದ ಹಲ್ಲಿನ ಡಾಕ್ಟರು "ಎಂಟು ಹಲ್ಲು ಹುಳುಕ ಆಗ್ಯಾವ, ಎಚ್ಚರ ಇದ್ದಾಗ ಮಾಡಾಕ ಆಗೂದಿಲ್ಲ" ಅಂದ ಕೂಡಲೇ ಪಾಲಕರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಪೂರ್ತಿ ಪ್ರಜ್ಞಾ ತಪ್ಪಿಸೂದು ಬ್ಯಾಡ್ರಿ ಡಾಕ್ಟ್ರ, ಸ್ವಲ್ಪ ಮಂಪರ ಕೊಟ್ಟು ಮುಗಿಸಿಬಿಡ್ರಿ." ಮದ್ದು ಕಡಿಮೆಯಾದರೆ ಅಪಾಯವೂ ಕಡಿಮೆ ಎಂಬ ಲೆಕ್ಕ ಇದು. ನಿಮ್ಮ ಮಕ್ಕಳಲ್ಲಿ ಹಲವರ ವಿಷಯದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಸರಿಯಾದ ಆಪರೇಷನ್ ಥಿಯೇಟರಿನಲ್ಲಿ ಕೊಡುವ ಪೂರ್ಣ ಅರವಳಿಕೆಗಿಂತ ಸಣ್ಣ ಕ್ಲಿನಿಕ್ಕಿನ ಕುರ್ಚಿಯ ಮೇಲೆ ಕೊಡುವ "ಸ್ವಲ್ಪ ಮಂಪರು" ಹೆಚ್ಚು ಅಪಾಯಕರ ಆಗಬಹುದು. ಇವತ್ತಿನ ಮಾತೆಲ್ಲ ಅದು ಯಾಕೆ ಎನ್ನುವುದರ ಸುತ್ತಲೇ ಇದೆ.

ಕಾಲಿನ ಗಾಯಕ್ಕೆ ಹೊಲಿಗೆ ಹಾಕುವಾಗ ಡಾಕ್ಟರ ಕೈ ಒಂದು ಕಡೆ, ಮಗುವಿನ ಉಸಿರು ಇನ್ನೊಂದು ಕಡೆ. ಹಲ್ಲಿನ ಕೆಲಸದಲ್ಲಿ ಎರಡಕ್ಕೂ ಇರುವುದು ಒಂದೇ ದಾರಿ. ಹಲ್ಲು ಕೊರೆಯುವ ಯಂತ್ರ ನೀರು ಚಿಮ್ಮಿಸುತ್ತಲೇ ತಿರುಗುತ್ತದೆ. ಅದರ ಜೊತೆ ರಕ್ತ, ಜೊಲ್ಲು, ಸಿಮೆಂಟಿನ ಚೂರು, ಕೆಲವೊಮ್ಮೆ ಕಿತ್ತ ಹಲ್ಲೇ ಗಂಟಲ ಕಡೆ ಜಾರುತ್ತದೆ. ಎಚ್ಚರ ಇರುವ ಮಗು ಕೆಮ್ಮಿ ಉಗುಳುತ್ತದೆ. ಪೂರ್ಣ ಅರವಳಿಕೆಯಲ್ಲಿ ಶ್ವಾಸನಾಳದೊಳಗೆ ಕೊಳವೆ ಇರುತ್ತದೆ, ಅದರ ಸುತ್ತ ಗಂಟಲಿಗೆ ತೆಳು ಹತ್ತಿಬಟ್ಟೆಯ ಪ್ಯಾಕ್ ಇಟ್ಟಿರುತ್ತಾರೆ. ನೀರು ಒಳಗೆ ಹೋಗಲು ಜಾಗವಿಲ್ಲ. ಅರೆ ಮಂಪರಿನ ಮಗುವಿಗೆ ಈ ಎರಡು ರಕ್ಷಣೆಗಳಲ್ಲಿ ಯಾವುದೂ ಪೂರ್ತಿ ಇಲ್ಲ. ಕೆಮ್ಮು ಮಂದವಾಗಿದೆ, ಕೊಳವೆ ಹಾಕಿಲ್ಲ. ಒಂದು ಹನಿ ನೀರು ಧ್ವನಿತಂತುಗಳ ಮೇಲೆ ಬಿದ್ದರೆ ಅವು ಗಟ್ಟಿಯಾಗಿ ಮುಚ್ಚಿಕೊಳ್ಳಬಹುದು. ಎದೆ ಏರಿಳಿಯುತ್ತಿರುತ್ತದೆ, ಗಾಳಿ ಮಾತ್ರ ಹೋಗುತ್ತಿರುವುದಿಲ್ಲ. ಮಕ್ಕಳ ದೇಹ ದೊಡ್ಡವರಿಗಿಂತ ಬೇಗ ಆಮ್ಲಜನಕ ಖರ್ಚು ಮಾಡುವುದರಿಂದ ತುಟಿ ನೀಲಿಯಾಗಲು ಹೆಚ್ಚು ಹೊತ್ತು ಬೇಡ.

ಹಾಗಂತ ಹುಳುಕು ಕಂಡ ಎಲ್ಲ ಮಕ್ಕಳನ್ನೂ ಥಿಯೇಟರಿಗೆ ಒಯ್ಯಬೇಕಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆ, ಈ ಹಲ್ಲಿಗೆ ಈಗಲೇ ಕೊರೆಯುವ ಕೆಲಸ ಬೇಕೇ ಎಂಬುದು. ನೋವಿಲ್ಲದ, ಬಾವು ಬಾರದ ಹಾಲುಹಲ್ಲಿನ ಹುಳುಕಿಗೆ ಶೇ. 38ರ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಹಚ್ಚಿ ಹುಳುಕನ್ನು ಅಲ್ಲಿಗೇ ನಿಲ್ಲಿಸಬಹುದು. ಹಲ್ಲನ್ನು ಹತ್ತಿಯಿಂದ ಒಣಗಿಸಿ ಒಂದು ನಿಮಿಷ ಹಚ್ಚಿದರೆ ಮುಗಿಯಿತು. ಒಂದು ಹನಿ ನಾಲ್ಕೈದು ಹಲ್ಲಿಗೆ ಸಾಕು. ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ಹುಳುಕಿನ ಜಾಗ ಕಾಯಂ ಕಪ್ಪಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮನೆಯಲ್ಲಿ ಅಜ್ಜಿ ಜಗಳ ತೆಗೆಯುತ್ತಾರೆ, ಅದು ನ್ಯಾಯವೇ. ಇನ್ನೊಂದು ದಾರಿ, ಕೊರೆಯದೆ, ಇಂಜೆಕ್ಷನ್ ಇಲ್ಲದೆ ದವಡೆಯ ಹಾಲುಹಲ್ಲಿನ ಮೇಲೆ ಸ್ಟೀಲಿನ ಕ್ಯಾಪ್ ಒತ್ತಿ ಕೂರಿಸುವ ಹಾಲ್ ವಿಧಾನ. ರಾತ್ರಿ ನೋವಿನಿಂದ ಏಳುವ, ಒಸಡಿನಲ್ಲಿ ಕೀವಿನ ಗುಳ್ಳೆ ಇರುವ ಹಲ್ಲಿಗೆ ಇವೆರಡೂ ನಡೆಯುವುದಿಲ್ಲ. ಗದಗ ಜಿಲ್ಲೆಯ ಮುಂಡರಗಿ ಕಡೆಯಿಂದ ಬರುವ ಕೆಲವು ಮಕ್ಕಳ ಹಲ್ಲಿನ ಹಳದಿ-ಕಂದು ಕಲೆ ಹುಳುಕಲ್ಲ, ಫ್ಲೋರೈಡ್ ನೀರಿನ ಗುರುತು. ಆ ಕಲೆ ತೆಗೆಸಲೆಂದು ಮಗುವಿಗೆ ಅರವಳಿಕೆ ಕೊಡಿಸಬೇಡಿ.

ಕೆಲಸ ಬೇಕೇ ಬೇಕು ಅಂತಾದರೆ ಮೊದಲ ಮೆಟ್ಟಿಲು, ಜಾಗ ಮರಗಟ್ಟಿಸುವ ಇಂಜೆಕ್ಷನ್. ಒಂದೆರಡು ಹಲ್ಲು, ಇಪ್ಪತ್ತು ನಿಮಿಷ ಕೂರುವ ಮಗು, ಕೈ ಹಿಡಿದ ತಾಯಿ ಇದ್ದರೆ ಇದೇ ಸಾಕು. ಇದಕ್ಕೂ ಮಿತಿ ಇದೆ. ಮಕ್ಕಳ ಹಲ್ಲಿನ ಚಿಕಿತ್ಸೆಯಲ್ಲಿ ಮರಗಟ್ಟಿಸುವ ಮದ್ದು ಲಿಗ್ನೊಕೇನ್ ಕಿಲೋ ತೂಕಕ್ಕೆ 4.4 ಮಿಲಿಗ್ರಾಂ ದಾಟಬಾರದು. ಶೇ. 2ರ ಮದ್ದಿನಲ್ಲಿ ಪ್ರತಿ ಮಿಲಿಗೆ 20 ಮಿಲಿಗ್ರಾಂ ಇರುತ್ತದೆ. ಅಂದರೆ 12 ಕಿಲೋ ಮಗುವಿಗೆ ಸುಮಾರು 53 ಮಿಲಿಗ್ರಾಂ, ಎರಡೂವರೆ ಮಿಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಒಂದು ಕಡೆಯ ದವಡೆಗೆ ಒಂದು, ಒಂದೂವರೆ ಮಿಲಿ ಹೋಗುತ್ತದೆ. "ಒಂದೇ ಸಲಕ್ಕೆ ನಾಲ್ಕೂ ಕಡೆ ಮುಗಿಸಿಬಿಡ್ರಿ" ಅಂದರೆ ಯಾಕೆ ಆಗುವುದಿಲ್ಲ ಎನ್ನುವುದಕ್ಕೆ ಉತ್ತರ ಈ ಲೆಕ್ಕದಲ್ಲೇ ಇದೆ. ಮದ್ದು ಹೆಚ್ಚಾದಾಗ ಮೊದಲು ನಾಲಿಗೆ ಜುಮ್ಮೆನ್ನುತ್ತದೆ, ಕಿವಿ ಗುಂಯ್ ಎನ್ನುತ್ತದೆ, ಆಮೇಲೆ ಫಿಟ್ಸ್ ಬರುತ್ತದೆ. ಮಾತು ಬಾರದ ಮಗು ಅಥವಾ ಮಂಪರಿನಲ್ಲಿರುವ ಮಗು ಮೊದಲ ಎರಡನ್ನು ಹೇಳಲಾರದು. ಹಾಗಾಗಿ ವಯಸ್ಸು ಕೇಳಿ ಅಂದಾಜು ಮಾಡದೆ ಅವತ್ತೇ ತೂಕ ಮಾಡಬೇಕು; ಸೆರೆಬ್ರಲ್ ಪಾಲ್ಸಿ ಇರುವ ಎಂಟು ವರ್ಷದ ಮಗು 14 ಕಿಲೋ ಇರುವುದು ಅಪರೂಪವಲ್ಲ.

ಎರಡನೆಯ ಮೆಟ್ಟಿಲು ನೈಟ್ರಸ್ ಆಕ್ಸೈಡ್, ಜನ 'ನಗೆ ಅನಿಲ' ಅನ್ನುವುದು. ಮೂಗಿನ ಮೇಲೆ ಸಣ್ಣ ಮಾಸ್ಕ್ ಇಟ್ಟು ಮೊದಲು ಬರೀ ಆಮ್ಲಜನಕ ಕೊಟ್ಟು, ನಿಧಾನಕ್ಕೆ ನೈಟ್ರಸ್ ಏರಿಸುತ್ತಾರೆ. ಸಾಮಾನ್ಯವಾಗಿ ಶೇ. 30ರಿಂದ 50ರೊಳಗೆ ಮಗು ಸಡಿಲವಾಗುತ್ತದೆ. ಕೊನೆಗೆ ಐದು ನಿಮಿಷ ಮತ್ತೆ ಶುದ್ಧ ಆಮ್ಲಜನಕ. ಆಮ್ಲಜನಕ ಶೇ. 30ಕ್ಕಿಂತ ಕೆಳಗೆ ಇಳಿಯದಂತೆ ಹಲ್ಲಿನ ಚಿಕಿತ್ಸೆಯ ಯಂತ್ರದಲ್ಲೇ ತಡೆ ಇರುತ್ತದೆ. ಒಳ್ಳೆಯ, ಹಗುರ ವಿಧಾನ. ಆದರೆ ಮಗು ಬಾಯಿ ತೆರೆದುಕೊಂಡೇ ಮೂಗಿನಿಂದ ಉಸಿರಾಡಬೇಕು, ಮಾಸ್ಕ್ ಸಹಿಸಬೇಕು, ಹೇಳಿದ್ದು ಸ್ವಲ್ಪವಾದರೂ ಅರ್ಥವಾಗಬೇಕು. ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ಬೆಳೆದು ಬಾಯಿಂದಲೇ ಉಸಿರಾಡುವ, ಮುಖ ಮುಟ್ಟಿದರೆ ಚೀರುವ ಮಗುವಿಗೆ ಇದು ದುಡ್ಡು ದಂಡ.

ಮೂರನೆಯದು ಕುಡಿಸುವ ಅಥವಾ ಮೂಗಿಗೆ ಹಾಕುವ ಮಂಪರಿನ ಮದ್ದು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಗೊಂದಲವೂ ಅವಘಡವೂ ಇಲ್ಲೇ ಜಾಸ್ತಿ. ಹೆಚ್ಚು ಬಳಕೆಯಲ್ಲಿರುವುದು ಮಿಡಜೋಲಮ್. ಕುಡಿಸುವುದಾದರೆ ಕಿಲೋಗೆ ಸುಮಾರು 0.5 ಮಿಲಿಗ್ರಾಂ, ಹದಿನೈದು-ಇಪ್ಪತ್ತು ನಿಮಿಷಕ್ಕೆ ಹಿಡಿಯುತ್ತದೆ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕೆಲಸಕ್ಕೆ ಅವಕಾಶ ಕೊಡುತ್ತದೆ. ಈ ಅಳತೆಗಳನ್ನು ಹೇಳುತ್ತಿರುವುದು ಡಾಕ್ಟರು ಹೇಳಿದ್ದು ನಿಮಗೆ ತಿಳಿಯಲಿ ಎಂದು, ಮನೆಯಲ್ಲಿ ಕೊಡಲಿಕ್ಕಲ್ಲ. ಮದ್ದು ವಿಪರೀತ ಕಹಿ. ಸಿರಪ್ಪಿನಲ್ಲಿ ಬೆರೆಸಿದರೂ ಮಗು ಅರ್ಧ ಉಗುಳುತ್ತದೆ. ಆಗ "ಇನ್ನೊಂದು ಸಲ ಹಾಕ್ರಿ" ಎಂದು ಒತ್ತಾಯಿಸಬೇಡಿ. ಎಷ್ಟು ಒಳಗೆ ಹೋಗಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಎರಡನೇ ಸಲದ್ದೂ ಸೇರಿದರೆ ಮಿತಿ ಮೀರಬಹುದು. ಕೆಲವು ಮಕ್ಕಳಿಗೆ ಈ ಮದ್ದು ಉಲ್ಟಾ ಹೊಡೆಯುತ್ತದೆ: ನಿದ್ದೆ ಬರುವ ಬದಲು ಚೀರಾಟ, ಕಚ್ಚುವುದು, ಸಮಾಧಾನವೇ ಆಗದ ಸಿಟ್ಟು. ಹಿಂದೆ ಎಂದಾದರೂ ಸ್ಕ್ಯಾನಿಗೋ ಇಇಜಿಗೋ ನಿದ್ದೆಯ ಮದ್ದು ಕೊಟ್ಟಾಗ ಹೀಗಾಗಿದ್ದರೆ ಅದನ್ನು ತಪ್ಪದೆ ಹೇಳಿ.

ಇತರ ಮದ್ದುಗಳ ಜೊತೆ ಇದರ ಜಟಾಪಟಿಯೂ ಇದೆ. ಫಿಟ್ಸಿಗೆ ಕಾರ್ಬಮಜೆಪಿನ್ ಅಥವಾ ಫೆನಿಟೋಯಿನ್ ತೆಗೆದುಕೊಳ್ಳುವ ಮಗುವಿನಲ್ಲಿ ಮಿಡಜೋಲಮ್ ಬೇಗ ಕರಗಿ ಹೋಗುತ್ತದೆ, ಮಂಪರು ಹಿಡಿಯುವುದೇ ಇಲ್ಲ. ಸೋಂಕಿಗೆ ಕೊಡುವ ಎರಿತ್ರೊಮೈಸಿನ್ ಅಥವಾ ಕ್ಲಾರಿತ್ರೊಮೈಸಿನ್ ನಡೆಯುತ್ತಿದ್ದರೆ ತದ್ವಿರುದ್ಧ, ಮಂಪರು ಗಂಟೆಗಟ್ಟಲೆ ಇಳಿಯುವುದಿಲ್ಲ. ಇನ್ನೊಂದು ಸಂಗತಿ. ಫಿಟ್ಸ್ ಇರುವ ಮಕ್ಕಳ ಮನೆಯಲ್ಲಿ ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇ ಇಟ್ಟಿರುತ್ತಾರೆ. "ದವಾಖಾನಿಗೆ ಬರುವಾಗ ಹಟ ಮಾಡಬಾರದು" ಎಂದು ಅದನ್ನು ಹೊಡೆದು ಕರೆತರುವುದು, ಟ್ರೈಕ್ಲೋಫಾಸ್ ಎಂಬ ನಿದ್ದೆಯ ಸಿರಪ್ ಅಂಗಡಿಯಿಂದ ತಂದು ಮನೆಯಲ್ಲೇ ಕುಡಿಸುವುದು, ಎರಡೂ ಬೇಡವೇ ಬೇಡ. ದಾರಿಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ತಲೆ ಮುಂದಕ್ಕೆ ವಾಲಿ ಉಸಿರು ಕಟ್ಟಿದರೆ ನೋಡುವವರು ಯಾರು?

ಕ್ಲಿನಿಕ್ಕಿನಲ್ಲಿ ಮಂಪರು ಕೊಡುತ್ತೇವೆ ಅಂದರೆ ಸಂಕೋಚ ಬಿಟ್ಟು ಕೇಳಿ. ಮಂಪರು ನೋಡಿಕೊಳ್ಳುವವರು ಯಾರು, ಹಲ್ಲು ಮಾಡುವವರೇನಾ ಬೇರೆಯವರಾ? ಹಲ್ಲು ಕೊರೆಯುತ್ತಿರುವವರೇ ಉಸಿರೂ ನೋಡುತ್ತೇನೆ ಅಂದರೆ ಎದ್ದು ಬನ್ನಿ. ಬೆರಳಿನ ಆಕ್ಸಿಮೀಟರ್ ಇದೆಯೇ? ಅದರ ಜೊತೆ ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಿಸುವ ಕ್ಯಾಪ್ನೊಗ್ರಾಫ್ ಇದೆಯೇ? ಆಕ್ಸಿಮೀಟರ್ ಕೂಗುವ ಹೊತ್ತಿಗೆ ಉಸಿರು ನಿಂತು ಸಾಕಷ್ಟು ಹೊತ್ತಾಗಿರುತ್ತದೆ, ಅದರಲ್ಲೂ ಆಮ್ಲಜನಕ ಹಚ್ಚಿದ್ದರೆ. ಕ್ಯಾಪ್ನೊಗ್ರಾಫ್ ಒಂದೆರಡು ಉಸಿರಿನಲ್ಲೇ ಹೇಳಿಬಿಡುತ್ತದೆ. ಆಮ್ಲಜನಕ ಸಿಲಿಂಡರ್, ಮಗುವಿನ ಅಳತೆಯ ಮಾಸ್ಕ್ ಮತ್ತು ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್, ಬಾಯಿಯ ನೀರು-ರಕ್ತ ಹೀರಿ ತೆಗೆಯುವ, ಕರೆಂಟ್ ಹೋದರೂ ನಡೆಯುವ ಸಕ್ಷನ್, ಇವು ಬೇರೆ ಕೋಣೆಯಲ್ಲಲ್ಲ, ಕೈಗೆ ಸಿಗುವಂತಿರಬೇಕು. ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆಗಳಿಂದ ಬೇಜಾರಾಗುವುದಿಲ್ಲ.

ಸಲಕರಣೆ ಎಲ್ಲ ಇದ್ದರೂ ಕ್ಲಿನಿಕ್ಕಿನ ಮಂಪರು ಆರೋಗ್ಯವಂತ ಮಕ್ಕಳಿಗೆ, ಅಥವಾ ಹತೋಟಿಯಲ್ಲಿರುವ ಸಣ್ಣ ಕಾಯಿಲೆಯ ಮಕ್ಕಳಿಗೆ ಮಾತ್ರ. ಜೊಲ್ಲು ನುಂಗಲಾರದ ಮಗು, ಮಲಗಿದಾಗ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲಿಸುವ ಮಗು, ಹೃದಯದ ತೊಂದರೆ ಇರುವ ಮಗು, ಹತೋಟಿಗೆ ಬಾರದ ಫಿಟ್ಸ್ ಇರುವ ಮಗು, ಇವರಿಗೆ ಆಸ್ಪತ್ರೆಯ ಥಿಯೇಟರೇ ಸರಿ. ಐದಾರು ಹಲ್ಲಿಗಿಂತ ಹೆಚ್ಚು ಕೆಲಸ ಇದ್ದರೂ ಅಷ್ಟೇ. ನಾಲ್ಕು ಸಲ ಮಂಪರು ಕೊಡಿಸಿ ನಾಲ್ಕು ಸಲ ಅಪಾಯಕ್ಕೆ ಒಡ್ಡುವುದಕ್ಕಿಂತ ಒಂದು ಸಲ ಪೂರ್ಣ ಅರವಳಿಕೆ ಮೇಲು ಎಂಬುದು ನಮ್ಮ ಅಭಿಪ್ರಾಯ.

ಥಿಯೇಟರಿನಲ್ಲಿ ಏನಾಗುತ್ತದೆ? ಸಾಮಾನ್ಯವಾಗಿ ಮಾಸ್ಕಿನಿಂದ ಸೆವೊಫ್ಲುರೇನ್ ಎಂಬ ಅರವಳಿಕೆಯ ಅನಿಲ ಕೊಟ್ಟು ಮಲಗಿಸಿ ಆಮೇಲೆ ಕೈಗೆ ಸೂಜಿ ಹಾಕುತ್ತಾರೆ. ಮೊದಲೇ ಸೂಜಿ ಬೇಕೆಂದರೆ ಮರಗಟ್ಟಿಸುವ ಕ್ರೀಮ್ ಒಂದು ಗಂಟೆ ಮುಂಚೆ ಹಚ್ಚಬೇಕು. ಹತ್ತು ನಿಮಿಷ ಮುಂಚೆ ಹಚ್ಚಿದರೆ ಪ್ರಯೋಜನವಿಲ್ಲ. ಬಾಯಿ ಖಾಲಿ ಇರಬೇಕಾದ್ದರಿಂದ ಉಸಿರಿನ ಕೊಳವೆಯನ್ನು ಹೆಚ್ಚಾಗಿ ಮೂಗಿನಿಂದ ಇಳಿಸುತ್ತಾರೆ. ಮೂಗಿನಿಂದ ಸ್ವಲ್ಪ ರಕ್ತ ಬರುವುದು ಇದೇ ಕಾರಣಕ್ಕೆ. ಮುಂಚೆ ಮೂಗಿಗೆ ಹನಿ ಹಾಕಿ ಅದನ್ನು ಕಡಿಮೆ ಮಾಡುತ್ತಾರೆ. ಎಕ್ಸ್‌-ರೇ, ಸ್ವಚ್ಛತೆ, ತುಂಬಿಸುವುದು, ಹಾಲುಹಲ್ಲಿನ ಬೇರುನಾಳ ಚಿಕಿತ್ಸೆ (ರೂಟ್ ಕೆನಾಲ್), ಕ್ಯಾಪ್, ಕೀಳುವುದು, ಕೊನೆಗೆ ಫ್ಲೋರೈಡ್ ವಾರ್ನಿಶ್, ಎಲ್ಲ ಒಂದೇ ಸಲ ಮುಗಿಯುತ್ತದೆ. ಕೆಲಸ ಮುಗಿದ ಮೇಲೆ ಗಂಟಲಿನ ಪ್ಯಾಕ್ ತೆಗೆದದ್ದನ್ನು ಎಣಿಸಿ, ಜೋರಾಗಿ ಹೇಳಿ, ಬರೆಯುತ್ತಾರೆ. ಮರೆತು ಉಳಿದರೆ ಕೊಳವೆ ತೆಗೆದ ಕೂಡಲೇ ಉಸಿರು ಕಟ್ಟುತ್ತದೆ, ಅದಕ್ಕೇ ಈ ಶಿಸ್ತು.

"ಈ ಹಲ್ಲು ಉಳಿಸಬಹುದಿತ್ತಲ್ಲ, ಯಾಕ ಕಿತ್ತ್ರಿ?" ಎಂಬ ದೂರು ಆಮೇಲೆ ಬರುತ್ತದೆ. ಅನುಮಾನದ ಹಲ್ಲನ್ನು ಉಳಿಸಿ ಆರು ತಿಂಗಳಿಗೆ ಬಾವು ಬಂದರೆ ಮತ್ತೆ ಅರವಳಿಕೆ ಕೊಡಬೇಕಾಗುತ್ತದೆ. ಹಾಗಾಗಿ ಥಿಯೇಟರಿನಲ್ಲಿ ತೀರ್ಮಾನ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ: ಸಿಮೆಂಟಿನ ಬದಲು ಸ್ಟೀಲ್ ಕ್ಯಾಪ್, ಅನುಮಾನದ ಬೇರುನಾಳದ ಬದಲು ಕೀಳುವುದು. ಯಾವ ಹಲ್ಲು ಹೋಗಬಹುದು ಎಂಬುದನ್ನು ಸಹಿ ಹಾಕುವ ಮುಂಚೆ ಕೇಳಿ. ಮಿದುಳಿನ ಬೆಳವಣಿಗೆಯ ಭಯವೂ ಹಲವರಿಗಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಕೊಟ್ಟ ಎಚ್ಚರಿಕೆ ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆ ಮೀರಿದ ಅಥವಾ ಪದೇ ಪದೇ ಕೊಡುವ ಅರವಳಿಕೆಯ ಬಗ್ಗೆ. ಆರು ವರ್ಷದ ಮಗುವಿನ ಒಂದು ಸಲದ ಒಂದೂವರೆ ಗಂಟೆಗೆ ಅದನ್ನು ಅನ್ವಯಿಸಿ ಹೆದರಬೇಕಿಲ್ಲ. ಎರಡು ವರ್ಷದ ಕೂಸಿಗೆ ಕೆಲಸ ಮುಂದೂಡಬಹುದಾದರೆ ಮುಂದೂಡುವುದೇ ಸರಿ.

ಈಗ ಮಗುವಿನ ಸ್ಥಿತಿಗೆ ತಕ್ಕಂತೆ ನೋಡಬೇಕಾದದ್ದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷ ಇರುತ್ತದೆ. ಹೃದಯದ ಸ್ಕ್ಯಾನಿನ (ಎಕೊ) ವರದಿ ಬೇಕು, ಥೈರಾಯ್ಡ್ ವರದಿಯೂ ಬೇಕು. ಕುತ್ತಿಗೆಯ ಮೊದಲೆರಡು ಮೂಳೆಗಳ ಹಿಡಿತ ಸಡಿಲ ಇರಬಹುದಾದ್ದರಿಂದ ಬಾಯಿ ತೆರೆಸಲು ತಲೆಯನ್ನು ಹಿಂದಕ್ಕೆ ಬಗ್ಗಿಸಿ ಎಳೆಯುವಂತಿಲ್ಲ. ಇತ್ತೀಚೆಗೆ ನಡಿಗೆ ಕೆಟ್ಟಿದೆಯೇ, ಕುತ್ತಿಗೆ ಒಂದು ಕಡೆ ವಾಲುತ್ತಿದೆಯೇ, ಹಿಡಿತದಲ್ಲಿದ್ದ ಮೂತ್ರ ಮತ್ತೆ ಬಟ್ಟೆಯಲ್ಲಿ ಹೋಗುತ್ತಿದೆಯೇ? ಇದ್ದರೆ ಹಲ್ಲಿನ ಕೆಲಸ ನಿಲ್ಲಿಸಿ ಮೊದಲು ಅದನ್ನು ತೋರಿಸಿ. ನಾಲಿಗೆ ದೊಡ್ಡದು, ಶ್ವಾಸನಾಳ ಕಿರಿದು; ವಯಸ್ಸಿಗೆ ಹೇಳಿದ ಅಳತೆಗಿಂತ ಸಣ್ಣ ಕೊಳವೆ ಬೇಕಾಗುತ್ತದೆ.

ಸೆರೆಬ್ರಲ್ ಪಾಲ್ಸಿ ಇದ್ದರೆ ಜೊಲ್ಲು ಮತ್ತು ಹೊಟ್ಟೆಯಿಂದ ಮೇಲೆ ಬರುವ ಆಮ್ಲ ಎರಡೂ ಪುಪ್ಪುಸಕ್ಕೆ ಇಳಿಯುವ ಅಪಾಯ. ಬಿಗಿತಕ್ಕೆ ಬ್ಯಾಕ್ಲೊಫೆನ್ ನಡೆಯುತ್ತಿದ್ದರೆ "ಖಾಲಿ ಹೊಟ್ಟೆ" ಎಂದು ಅದನ್ನು ನಿಲ್ಲಿಸಬೇಡಿ. ತಟ್ಟನೆ ನಿಂತರೆ ಬಿಗಿತ, ಜ್ವರ, ಫಿಟ್ಸ್ ಬರಬಹುದು. ಫಿಟ್ಸಿನ ಮಾತ್ರೆಗೂ ಇದೇ ನಿಯಮ, ಬೆಳಗ್ಗೆ ಒಂದು ಗುಟುಕು ನೀರಿನಲ್ಲಿ ಕೊಡಬೇಕು. ಫಿಟ್ಸಿಗೆ ವಾಲ್ಪ್ರೊಯೇಟ್ ತೆಗೆದುಕೊಳ್ಳುವ ಮಗುವಿನ ಹಲ್ಲು ಕೀಳುವ ಮುಂಚೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಎಣಿಕೆ ನೋಡಲೇಬೇಕು, ಆ ಮದ್ದು ಅದನ್ನು ಇಳಿಸಬಹುದು. ಬೆನ್ನುಹುರಿಯ ದೋಷದಿಂದ ಹುಟ್ಟಿದಾಗಲೇ ಆಪರೇಷನ್ ಆದ ಮಕ್ಕಳಿಗೆ ರಬ್ಬರಿನ ಅಲರ್ಜಿ ಇರಬಹುದು; ಲ್ಯಾಟೆಕ್ಸ್ ಇಲ್ಲದ ಕೈಗವಸು ಕೇಳಿ.

ನೆಲದಿಂದ ಏಳುವಾಗ ತೊಡೆಯ ಮೇಲೆ ಕೈ ಊರಿ ಏಳುವ, ಮೀನಖಂಡ ದಪ್ಪಗಿರುವ ಗಂಡುಮಗು ಇದ್ದರೆ, ರೋಗದ ಹೆಸರು ಇನ್ನೂ ತಿಳಿಯದಿದ್ದರೂ ಅದನ್ನು ಅರವಳಿಕೆ ಡಾಕ್ಟರಿಗೆ ಮೊದಲೇ ಹೇಳಿ. ಡುಶೆನ್ ಸ್ನಾಯುರೋಗದಲ್ಲಿ ಸಕ್ಸಿನೈಲ್‌ಕೋಲಿನ್ ಎಂಬ ಮದ್ದು ರಕ್ತದ ಪೊಟ್ಯಾಶಿಯಂ ಏರಿಸಿ ಹೃದಯ ನಿಲ್ಲಿಸಬಹುದು. ಸೆವೊಫ್ಲುರೇನ್‌ನಂಥ ಅನಿಲಗಳನ್ನೂ ಬಿಟ್ಟು ರಕ್ತನಾಳದ ಮದ್ದಿನಿಂದಲೇ ಮಲಗಿಸುತ್ತಾರೆ.

ಕೆಲವು ಹೃದಯ ದೋಷಗಳಿದ್ದರೆ ಹೃದಯಕ್ಕೆ ಸೋಂಕು ತಗಲದಂತೆ ಕೆಲಸಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ಅಮಾಕ್ಸಿಸಿಲಿನ್ ಕಿಲೋಗೆ 50 ಮಿಲಿಗ್ರಾಂ ಕೊಡಬೇಕಾಗುತ್ತದೆ. ಎಲ್ಲ ದೋಷಕ್ಕೂ ಬೇಡ. ಹೃದಯದ ಡಾಕ್ಟರಿಂದ ಬರೆಸಿಕೊಂಡು ಬನ್ನಿ.

ಆಟಿಸಂ ಇರುವ ಮಗುವಿಗೆ ದೇಹದ ತೊಂದರೆಗಿಂತ ಆ ದಿನದ ಗಲಾಟೆಯೇ ದೊಡ್ಡದು. ಪಟ್ಟಿಯಲ್ಲಿ ಮೊದಲ ಸರದಿ ಕೇಳಿ. ಅರವಳಿಕೆಯ ಮಾಸ್ಕ್ ಒಂದನ್ನು ವಾರ ಮುಂಚೆ ಮನೆಗೆ ಒಯ್ದು ಆಟವಾಡಿಸಿ. ಥಿಯೇಟರಿನ ಗೌನ್ ತೊಡಿಸಲು ಜಗಳ ಆಡುವುದಕ್ಕಿಂತ ತನ್ನ ಅಂಗಿಯಲ್ಲೇ ಮಲಗಲಿ, ಆಮೇಲೆ ಬದಲಿಸಬಹುದು. ಅದೇ ಲೋಟದಲ್ಲಿ ಮಾತ್ರ ಕುಡಿಯುವ ಮಗುವಾದರೆ ಲೋಟ ಮರೆಯಬೇಡಿ.

ನೆಗಡಿಯನ್ನು ಮುಚ್ಚಿಡಬೇಡಿ. ತಾರೀಖು ಸಿಕ್ಕಿದ್ದೇ ಕಷ್ಟ ಎಂದು ಜ್ವರದ ಸಿರಪ್ ಕುಡಿಸಿ ತರುವವರಿದ್ದಾರೆ. ಜ್ವರ, ಹಳದಿ ಸಿಂಬಳ, ಎದೆಯಲ್ಲಿ ಗುರಗುರ ಇದ್ದರೆ ಗಂಟಲು ಮುಚ್ಚಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ಎರಡರಿಂದ ನಾಲ್ಕು ವಾರ ಮುಂದೂಡುವುದು ಸರಿ.

ಹೊಟ್ಟೆ ಖಾಲಿ ಇಡುವ ವಿಷಯದಲ್ಲಿ ನಮ್ಮ ಕಡೆ ಎರಡು ತಪ್ಪು ನಡೆಯುತ್ತವೆ. ನಿಯಮ ಹೀಗಿದೆ: ಎಣ್ಣೆಯ, ಭಾರೀ ಊಟಕ್ಕೆ ಎಂಟು ಗಂಟೆ, ಹಗುರ ತಿಂಡಿ ಮತ್ತು ಹಾಲಿಗೆ ಆರು, ಎದೆಹಾಲಿಗೆ ನಾಲ್ಕು, ನೀರಿಗೆ ಎರಡು. ಮೊದಲ ತಪ್ಪು, ಹಾಲಿನ ಚಹಾ, ಮಜ್ಜಿಗೆ, ಅಂಬಲಿ ಇವನ್ನು ನೀರಿನ ಲೆಕ್ಕಕ್ಕೆ ಸೇರಿಸುವುದು. ಇವೆಲ್ಲ ಊಟದ ಲೆಕ್ಕ. ರೋಣದಿಂದಲೋ ಹಾನಗಲ್ಲಿನಿಂದಲೋ ನಸುಕಿನ ಬಸ್ಸಿಗೆ ಹೊರಟಾಗ ಮಗು ಅತ್ತಿತೆಂದು ಕೈಗೆ ಕೊಟ್ಟ ಒಂದು ಬಿಸ್ಕಿಟ್ಟಿಗೂ ಆರು ಗಂಟೆ. ಕೊಟ್ಟಿದ್ದರೆ ಬೈಗುಳಕ್ಕೆ ಹೆದರದೆ ಹೇಳಿ. ಎರಡನೆಯ ತಪ್ಪು ಇದರ ತದ್ವಿರುದ್ಧ: ರಾತ್ರಿ ಎಂಟಕ್ಕೆ ಉಂಡ ಮಗುವಿಗೆ ಮರುದಿನ ಹನ್ನೊಂದರವರೆಗೂ ನೀರಿಲ್ಲ. ಬಾಯಿ ಒಣಗಿ, ಸಕ್ಕರೆ ಇಳಿದು, ಸೂಜಿ ಹಾಕಲು ನರ ಸಿಗದಂತಾಗುತ್ತದೆ. ನಿಮ್ಮ ಸರದಿ ಎಷ್ಟು ಗಂಟೆಗೆ ಎಂದು ಕೇಳಿ, ಎರಡು ಗಂಟೆ ಮುಂಚಿನವರೆಗೆ ನೀರೋ ಸಕ್ಕರೆ ನೀರೋ ಕೊಡಿ. ತೀವ್ರ ಹುಳಿತೇಗು, ವಾಂತಿ ಇರುವ ಮಗುವಿಗೆ ಮಾತ್ರ ಡಾಕ್ಟರು ಹೇಳಿದ ಹೊತ್ತು. ದೂರದವರು ಹಿಂದಿನ ರಾತ್ರಿಯೇ ಬಂದು ಉಳಿಯುವುದು ಒಳ್ಳೆಯದು.

ಎಲ್ಲಿ ಮಾಡಿಸುವುದು? ಹಲ್ಲಿನ ವಿಭಾಗ, ಅರವಳಿಕೆ ವಿಭಾಗ, ಮಕ್ಕಳ ವಿಭಾಗ ಒಂದೇ ಕಡೆ ಇರುವ ಜಾಗ ಹುಡುಕಿ. ನಮ್ಮಲ್ಲಿ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನ ಆವರಣದಲ್ಲೇ ವೈದ್ಯಕೀಯ ಆಸ್ಪತ್ರೆ ಇದೆ, ಹುಬ್ಬಳ್ಳಿಯಲ್ಲಿ ಸರಕಾರಿ ಆಸ್ಪತ್ರೆ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಇದೆ. ಖರ್ಚಿನ ವಿಷಯದಲ್ಲಿ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹು ಅಂಗವೈಕಲ್ಯ ಇರುವವರಿಗೆ ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಹಲ್ಲಿನ ಯಾವ ಕೆಲಸಕ್ಕೆ ಎಷ್ಟು ಎಂಬುದನ್ನು ತಾರೀಖು ತೆಗೆದುಕೊಳ್ಳುವ ಮುಂಚೆಯೇ ವಿಚಾರಿಸಿ, ಮೂಲ ಬಿಲ್ಲುಗಳನ್ನೆಲ್ಲ ಇಟ್ಟುಕೊಳ್ಳಿ.

ಮನೆಗೆ ಕಳಿಸುವ ಮುಂಚೆ ಮಗು ಮೊದಲಿನಂತೆ ಎಚ್ಚರವಾಗಿರಬೇಕು, ಆಮ್ಲಜನಕ ಹಚ್ಚದೆ ಉಸಿರು ಸರಿ ಇರಬೇಕು. ಎದ್ದ ಮೊದಲ ಅರ್ಧ ಗಂಟೆ ಕೆಲವರು ಯಾರನ್ನೂ ಗುರುತಿಸದೆ ಚೀರುತ್ತಾರೆ. ಕತ್ತಲು, ಮೌನ, ತಾಯಿಯ ತೊಡೆ ಸಾಕು, ತಾನಾಗಿ ಇಳಿಯುತ್ತದೆ. ಬೈಕಿನಲ್ಲಿ ಒಯ್ಯಬೇಡಿ. ಕಾರಿನಲ್ಲಿ ಓಡಿಸುವವರಲ್ಲದೆ ಇನ್ನೊಬ್ಬರು ಪಕ್ಕದಲ್ಲಿ ಕೂತು, ಮಗು ನಿದ್ದೆ ಹೋದರೆ ಗದ್ದ ಎದೆಗೆ ತಾಗದಂತೆ ಮೇಲೆತ್ತಿ ಹಿಡಿಯಬೇಕು. ಮರಗಟ್ಟಿದ ತುಟಿಯನ್ನು ಮಗು ಕಚ್ಚಿಕೊಳ್ಳುವುದು ಎಷ್ಟು ಸಾಮಾನ್ಯ ಎಂದರೆ, ಮರುದಿನ ಊದಿದ ಬಿಳಿ ಗಾಯ ನೋಡಿ ಸೋಂಕು ಎಂದು ಗಾಬರಿಯಾಗಿ ಬರುತ್ತಾರೆ. ಮೂರು-ನಾಲ್ಕು ಗಂಟೆ ಕಾವಲು ಇರಲಿ, ಕೆನ್ನೆಯೊಳಗೆ ಚಿವುಟುವ ಮಗುವಾದರೆ ಕೈ ಹಿಡಿಯಿರಿ. ಒಮ್ಮೆ ಕಪ್ಪು ರಕ್ತ ವಾಂತಿಯಾದರೆ ನುಂಗಿದ್ದು ಹೊರಬಂದಿದೆ. ಹೊಸ ಕೆಂಪು ರಕ್ತ ನಿಲ್ಲದಿದ್ದರೆ, ಉಸಿರೆಳೆಯುವಾಗ ಕೊರ್ ಎಂಬ ಸದ್ದು ಬಂದರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ ಆಸ್ಪತ್ರೆ. ನೋವಿಗೆ ಪ್ಯಾರಾಸಿಟಮಾಲ್ ಕಿಲೋಗೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಮೊದಲ ದಿನ ತಣ್ಣನೆ ಮೊಸರನ್ನ, ರವೆ ಗಂಜಿ. ಖಡಕ್ ರೊಟ್ಟಿ, ಚುರುಮರಿ ಬೇಡ. ಹಲ್ಲು ಕಿತ್ತಿದ್ದರೆ ಸ್ಟ್ರಾ ಬೇಡ, ಹೀರಿದಾಗ ಹೆಪ್ಪುಗಟ್ಟಿದ ರಕ್ತ ಕಿತ್ತು ಬರುತ್ತದೆ.

ಮೂರು ತಿಂಗಳಿಗೆ ಮತ್ತೆ ತೋರಿಸಲು ಬನ್ನಿ. ಫಿಟ್ಸಿನ ಸಿಹಿ ಸಿರಪ್ ರಾತ್ರಿ ಕುಡಿಸಿ ಹಾಗೇ ಮಲಗಿಸುವ ಮನೆಯಲ್ಲಿ ಹೊಸ ಹುಳುಕು ಅಷ್ಟರೊಳಗೇ ಶುರುವಾಗಿರುತ್ತದೆ. ಸಕ್ಕರೆ ಇಲ್ಲದ ಸಿರಪ್ ಅಥವಾ ಪುಡಿ ಮಾಡಬಹುದಾದ ಮಾತ್ರೆ ಸಿಗುತ್ತದೆಯೇ ಎಂದು ನರರೋಗದ ಡಾಕ್ಟರನ್ನು ಕೇಳಿ, ಸಿಗದಿದ್ದರೆ ಸಿರಪ್ ಕೊಟ್ಟ ಮೇಲೆ ಹಲ್ಲುಜ್ಜಿ ಮಲಗಿಸಿ.